ಉದ್ಯಾನದ ಬೀಗ ಯಾರ ಸಮಯಕ್ಕೆ ತೆರೆಯುತ್ತದೆ?

(ಮಹಿಳಾ ಸ್ವ-ಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಇವತ್ತಿನ ಸಭೆಯ ಕಾರ್ಯಸೂಚಿಯಲ್ಲಿ ಸಾಲ ಮರುಪಾವತಿಯ ವಿಷಯ ಮೊದಲಿತ್ತು. ಅದನ್ನು ಮಧ್ಯಾಹ್ನಕ್ಕೆ ಹಾಕಿ, ಉದ್ಯಾನದ ವಿಷಯವನ್ನು ಮೊದಲು ತೆಗೆದುಕೊಳ್ಳಿ ಎಂದು ಒಕ್ಕೂಟದವರನ್ನು ನಾವೇ ಕೇಳಿಕೊಂಡೆವು. ಸಾಲದ ಕಂತು ಮುಂದಿನ ತಿಂಗಳೂ ಇರುತ್ತದೆ, ಅದು ನಮ್ಮನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಉದ್ಯಾನದ ನಕ್ಷೆ ಹಾಗಲ್ಲ. ಒಂದು ಸಲ ಮಂಜೂರಾಗಿ ಟೆಂಡರು ಕರೆದರೆ ಮತ್ತೆ ನಮ್ಮ ಕೈಗೆ ಸಿಗುವುದಿಲ್ಲ.

ನಿಮಗೆಲ್ಲ ಗೊತ್ತಿರುವಂತೆ, ಹಳೇ ನೀರಿನ ಟ್ಯಾಂಕಿನ ಪಕ್ಕದ ಬಯಲಿನಲ್ಲಿ ಪಾಲಿಕೆಯವರು ಹೊಸ ಉದ್ಯಾನ ಮಾಡಲು ಹೊರಟಿದ್ದಾರೆ. ಸುಮಾರು ಎರಡು ಎಕರೆ ಜಾಗ. ಇಬ್ಬರು ಬಂದು ಟೇಪು ಹಿಡಿದು ಅಳೆದರು, ಸುಣ್ಣದ ಗೆರೆ ಎಳೆದರು, ಹೋದರು. ಆವತ್ತಿನಿಂದ ನಾವು ಯಾವ ಸಂಘದ ವಾರದ ಸಭೆಗೆ ಹೋದರೂ ಎರಡು ಪ್ರಶ್ನೆಗಳು. ಕೆಲವರು "ಸಿಸ್ಟರ್, ಪಾರ್ಕ್ ಬಂದರೆ ಒಳ್ಳೇದೇ ತಾನೆ?" ಎಂದು ಕೇಳುತ್ತಾರೆ. ಬಯಲಿಗೆ ಹಿತ್ತಲು ಅಂಟಿಕೊಂಡಿರುವ ಸಾಲಿನವರು "ಸಿಸ್ಟರ್, ನಮ್ಮನ್ನ ಎಬ್ಬಿಸ್ತಾರಾ?" ಎಂದು ಕೇಳುತ್ತಾರೆ. ಎರಡೂ ಸರಿಯಾದ ಪ್ರಶ್ನೆಗಳೇ. ಆದರೆ ಎರಡನ್ನೂ ನಮ್ಮನಮ್ಮಲ್ಲಿಯೇ ಕೇಳಿಕೊಂಡು ಕೂತರೆ ಪ್ರಯೋಜನವಿಲ್ಲ. ಕೇಳಬೇಕಾದವರ ಹತ್ತಿರ, ಕೇಳಬೇಕಾದ ಸಮಯದಲ್ಲಿ ಕೇಳಬೇಕು. ಆ ಸಮಯ ಈಗಲೇ. ಗುದ್ದಲಿ ಪೂಜೆಯ ದಿನ ಶಾಲು ಹೊದಿಸುವಾಗ ಅಲ್ಲ.

ಪಾಲಿಕೆಯ ಕಾಗದದಲ್ಲಿ ಅದು "ಖಾಲಿ ಜಾಗ". ನಿಜಕ್ಕೂ ಖಾಲಿ ಇದೆಯಾ ಹೇಳಿ? ಬೇಸಿಗೆಯಲ್ಲಿ ಅಲ್ಲಿ ಸಂಡಿಗೆ, ಹಪ್ಪಳ, ಮೆಣಸಿನಕಾಯಿ ಒಣಗುತ್ತದೆ. ನಮ್ಮ ಎರಡು ಸಂಘಗಳ ಆದಾಯವೇ ಆ ಬಿಸಿಲು. ತಾರಸಿ ಇಲ್ಲದ ಮನೆಗಳ ಬಟ್ಟೆ ಅಲ್ಲೇ ಹಗ್ಗದ ಮೇಲೆ. ಹುಡುಗರ ಕ್ರಿಕೆಟ್ ಅಲ್ಲೇ. ಮದುವೆಗೆ ಛತ್ರ ಹಿಡಿಯಲಾಗದವರ ಶಾಮಿಯಾನ ಅಲ್ಲೇ, ಗಣಪತಿ ಕೂರಿಸುವುದೂ ಅಲ್ಲೇ, ಸಾವಾದರೆ ಜನ ಕೂರುವುದೂ ಅಲ್ಲೇ. ಮೂಲೆಯ ಹುಣಸೇಮರದ ಕೆಳಗೆ ಸೊಪ್ಪು ಮಾರುವ ಇಬ್ಬರು, ಬೋಂಡ ಹಾಕುವ ಒಬ್ಬರು, ಹೂ ಕಟ್ಟುವ ಮೂವರು. ಆಡು ಕಟ್ಟುವವರನ್ನು ಬಿಟ್ಟರೆ ನಮಗೆ ಜಗಳವಾಗುತ್ತದೆ, ಅವರನ್ನೂ ಸೇರಿಸೋಣ. ಇಷ್ಟೆಲ್ಲ ನಡೆಯುವ ಜಾಗವನ್ನು ಖಾಲಿ ಎಂದು ಬರೆದಿದ್ದಾರೆ. ಬರೆದವರಿಗೆ ಕೆಟ್ಟ ಮನಸ್ಸು ಇದೆ ಎಂದು ನಾವು ಹೇಳುವುದಿಲ್ಲ. ಅವರು ಬಂದಿದ್ದು ಬೆಳಿಗ್ಗೆ ಹನ್ನೊಂದು ಗಂಟೆಗೆ. ಆ ಹೊತ್ತಿಗೆ ನೀವೆಲ್ಲ ಕೆಲಸದ ಮೇಲೆ ಇರುತ್ತೀರಿ, ಮಕ್ಕಳು ಶಾಲೆಯಲ್ಲಿ. ಕಣ್ಣಿಗೆ ಬಿದ್ದದ್ದು ಬಯಲು ಮತ್ತು ಆಡು.

ಹಾಗಂತ ಬಯಲು ಈಗಿರುವ ಹಾಗೇ ಇರಲಿ ಎಂದೂ ನಾವು ಹೇಳುವುದಿಲ್ಲ. ಸಂಜೆ ಏಳರ ಮೇಲೆ ಅಲ್ಲಿಂದ ಹಾದು ಬರಲು ನಿಮ್ಮ ಹೆಣ್ಣುಮಕ್ಕಳು ಹೆದರುತ್ತಾರೆ. ಒಂದು ದೀಪವಿಲ್ಲ. ಒಂದು ಬದಿಗೆ ಕಸ ಸುರಿಯುತ್ತಾರೆ, ಮಳೆಗಾಲದಲ್ಲಿ ನೀರು ನಿಂತು ಸೊಳ್ಳೆ. ಇನ್ನೊಂದು ಬದಿಗೆ ಬಾಟಲಿ ಚೂರು. ಮರ, ನೆರಳು, ದೀಪ, ಕುಡಿಯುವ ನೀರು, ಒಂದು ಶೌಚಾಲಯ ಬಂದರೆ ನಮಗಿಂತ ಸಂತೋಷ ಪಡುವವರು ಯಾರು? ಉದ್ಯಾನ ಬೇಕು. ಅದು ಎಂಥ ಉದ್ಯಾನ, ಯಾರಿಗೆ ತೆರೆದಿರುವ ಉದ್ಯಾನ ಎನ್ನುವುದೇ ಮಾತು.

ನಾವು ಕಚೇರಿಗೆ ಹೋಗಿ ಪ್ರಾಥಮಿಕ ನಕ್ಷೆಯನ್ನು ನೋಡಿ ಬಂದೆವು. ತೋರಿಸಿದ ಕಿರಿಯ ಎಂಜಿನಿಯರು ಸೌಜನ್ಯವಾಗಿಯೇ ಮಾತಾಡಿದರು. ನಕ್ಷೆಯಲ್ಲಿ ಸುತ್ತ ಕಾಂಪೌಂಡು, ಒಂದೇ ಗೇಟು. ಗೇಟು ಇರುವುದು ಮುಖ್ಯ ರಸ್ತೆಯ ಕಡೆಗೆ, ನಮ್ಮ ಕಾಲೊನಿಯ ಕಡೆಗೆ ಅಲ್ಲ. ಒಳಗೆ ಇಂಟರ್‌ಲಾಕ್ ಕಲ್ಲಿನ ವಾಕಿಂಗ್ ದಾರಿ, ನಡುವೆ ಹುಲ್ಲುಹಾಸು, ಒಂದು ಕಾರಂಜಿ, ವ್ಯಾಯಾಮದ ಸಲಕರಣೆ, ಮಕ್ಕಳಿಗೆ ಎರಡು ಉಯ್ಯಾಲೆ. ಶೌಚಾಲಯ ಇಲ್ಲ. ಹುಣಸೇಮರದ ಜಾಗದಲ್ಲಿ ವಾಹನ ನಿಲುಗಡೆ. ಸಮಯ ಏನು ಎಂದು ಕೇಳಿದೆವು. "ಎಲ್ಲಾ ಪಾರ್ಕಿನ ಹಾಗೇ ಸಿಸ್ಟರ್, ಬೆಳಿಗ್ಗೆ ಐದೂವರೆಯಿಂದ ಒಂಬತ್ತೂವರೆ, ಸಂಜೆ ನಾಲ್ಕೂವರೆಯಿಂದ ಎಂಟು" ಎಂದರು.

ಈಗ ನಿಮ್ಮ ದಿನವನ್ನು ಈ ಸಮಯದ ಪಕ್ಕದಲ್ಲಿ ಇಟ್ಟು ನೋಡಿ. ಮನೆಗೆಲಸಕ್ಕೆ ಹೋಗುವವರು ಆರೂವರೆಗೆ ಬಾಗಿಲು ಹಾಕಿ ಹೊರಡುತ್ತೀರಿ. ಪೌರಕಾರ್ಮಿಕ ಸಹೋದರಿಯರು ಅದಕ್ಕೂ ಮೊದಲೇ ಹೊರಟಿರುತ್ತಾರೆ. ಇಬ್ಬರೂ ಮನೆ ಸೇರುವುದು ಮಧ್ಯಾಹ್ನ ಎರಡು, ಎರಡೂವರೆಗೆ. ಅಲ್ಲಿಂದ ನಾಲ್ಕರವರೆಗೆ ನಿಮಗೆ ಸ್ವಲ್ಪ ಉಸಿರು ಬಿಡುವ ಹೊತ್ತು. ಆ ಹೊತ್ತಿಗೆ ಸರಿಯಾಗಿ ಗೇಟಿಗೆ ಬೀಗ. ನಾಲ್ಕೂವರೆಗೆ ಗೇಟು ತೆರೆಯುವಾಗ ಶಾಲೆಯಿಂದ ಮಕ್ಕಳು, ನಲ್ಲಿಯಲ್ಲಿ ನೀರು, ಒಲೆಯ ಮೇಲೆ ಅನ್ನ. ಗಾರ್ಮೆಂಟ್ಸಿನವರು ಮನೆಗೆ ಬರುವುದೇ ಏಳಕ್ಕೆ, ಅಡಿಗೆ ಮುಗಿಯುವಾಗ ಎಂಟೂವರೆ, ಆಗಲೂ ಬೀಗ. ಮನೆ ಒಳಗೆ ಸೆಖೆ ತಡೆಯಲಾರದ ಏಪ್ರಿಲ್ ಮಧ್ಯಾಹ್ನದಲ್ಲಿ ವಯಸ್ಸಾದ ಅತ್ತೆಯನ್ನು ಮರದ ಕೆಳಗೆ ಕೂರಿಸೋಣ ಎಂದರೂ ಬೀಗ. ಯಾರೂ ನಿಮ್ಮನ್ನು ಬರಬೇಡಿ ಎಂದು ಹೇಳಿಲ್ಲ. ಬೋರ್ಡಿನಲ್ಲಿ "ಸಾರ್ವಜನಿಕ ಉದ್ಯಾನ" ಎಂದೇ ಇರುತ್ತದೆ. ಆದರೆ ಆ ವೇಳಾಪಟ್ಟಿ ಬರೆದ ಕೈಗೆ ನಿಮ್ಮ ಮನೆಯ ಗಡಿಯಾರ ಗೊತ್ತಿಲ್ಲ.

ಬೆಂಗಳೂರಿನಲ್ಲಿಯೂ ವರ್ಷಗಟ್ಟಲೆ ಪಾಲಿಕೆಯ ಉದ್ಯಾನಗಳು ಹಗಲಿನಲ್ಲಿ ಕೆಲವು ಗಂಟೆ ಮುಚ್ಚಿರುತ್ತಿದ್ದವು. ಬೀದಿ ಗುಡಿಸುವವರು, ಸಾಮಾನು ತಲುಪಿಸುವ ಹುಡುಗರು, ಆಸ್ಪತ್ರೆಗೆ ಬಂದವರ ಕಡೆಯವರು ಗೇಟಿನ ಹೊರಗೆ ಫುಟ್‌ಪಾತಿನಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಜನ ಕೇಳುತ್ತಾ ಬಂದರು. 2024ರಲ್ಲಿ ಅಲ್ಲಿನ ಪಾಲಿಕೆಯ ಉದ್ಯಾನಗಳು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕು ಎಂದು ಆದೇಶವಾಯಿತು. ಅಂದರೆ ವೇಳೆ ಎನ್ನುವುದು ಕಲ್ಲಿನಲ್ಲಿ ಕೆತ್ತಿದ್ದಲ್ಲ. ಒಂದು ಕಾಗದದಿಂದ ಬಂದದ್ದು ಇನ್ನೊಂದು ಕಾಗದದಿಂದ ಬದಲಾಗುತ್ತದೆ. ಗೋಡೆ ಮತ್ತು ಗೇಟು ಮಾತ್ರ ಕಲ್ಲಿನವು. ಅವು ಎದ್ದ ಮೇಲೆ ಬದಲಿಸಲು ಮತ್ತೆ ಹಣ ಬೇಕು, ಮತ್ತೆ ಟೆಂಡರು ಬೇಕು. ಆದ್ದರಿಂದ ಅವುಗಳ ಬಗ್ಗೆ ಈಗಲೇ ಮಾತಾಡಬೇಕು.

ಇನ್ನೊಂದು ಊರಿನ ವಿಷಯ ಹೇಳುತ್ತೇವೆ, ಸ್ವಲ್ಪ ದೂರದ್ದು. ಯೂರೋಪಿನಲ್ಲಿ ಆಸ್ಟ್ರಿಯಾ ದೇಶದ ರಾಜಧಾನಿ ವಿಯೆನ್ನಾ. ಅಲ್ಲಿನ ನಗರ ಆಡಳಿತದಲ್ಲಿ ಹೆಂಗಸರ ದೃಷ್ಟಿಯಿಂದ ನಗರ ಯೋಜನೆಯನ್ನು ನೋಡಬೇಕು ಎಂದು ಹಠ ಹಿಡಿದ ಇವಾ ಕೈಲ್ ಎನ್ನುವ ಯೋಜನಾಧಿಕಾರಿ ಇದ್ದರು. 1990ರ ದಶಕದ ನಡುವೆ ಅಲ್ಲಿನ ಉದ್ಯಾನಗಳಿಗೆ ಯಾರು ಬರುತ್ತಾರೆ ಎಂದು ಕೂತು ಲೆಕ್ಕ ಹಾಕಿಸಿದರು. ಒಂದು ವಿಚಿತ್ರ ಕಂಡಿತು. ಒಂಬತ್ತು ಹತ್ತು ವರ್ಷದವರೆಗೆ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಇಬ್ಬರೂ ಬರುತ್ತಾರೆ. ಆಮೇಲೆ ಹುಡುಗಿಯರು ಕಡಿಮೆಯಾಗುತ್ತಾ ಹೋಗುತ್ತಾರೆ, ಹುಡುಗರು ಮಾತ್ರ ಉಳಿಯುತ್ತಾರೆ. ಯಾಕೆ? ಅಲ್ಲಿ ಹುಡುಗಿಯರು ಹೊರಗೆ ಹೋಗಬಾರದು ಎಂದು ಮನೆಯಲ್ಲಿ ಬೈಯುವ ಅಜ್ಜಿಯರೇನೂ ಇರಲಿಲ್ಲ. (ಇದ್ದರೋ ಏನೋ, ಅಜ್ಜಿಯರು ಎಲ್ಲಾ ಊರಲ್ಲೂ ಇರುತ್ತಾರೆ.) ಕಾರಣ ಮೈದಾನದ ಆಕಾರದಲ್ಲಿಯೇ ಇತ್ತು. ನಡುವೆ ಒಂದು ದೊಡ್ಡ ಬಯಲು, ಅದರಲ್ಲಿ ಚೆಂಡಾಟ. ಯಾರು ಜೋರೋ ಅವರದ್ದು ಜಾಗ. ಹುಡುಗಿಯರು ಜಗಳ ಮಾಡಿ ಜಾಗ ಹಿಡಿಯಲಿಲ್ಲ, ಸುಮ್ಮನೆ ಬರುವುದನ್ನೇ ಬಿಟ್ಟರು.

1999ರಲ್ಲಿ ಆ ನಗರದ ಐದನೇ ವಿಭಾಗದಲ್ಲಿ ಎರಡು ಉದ್ಯಾನಗಳನ್ನು ಬದಲಾಯಿಸಲು ಶುರು ಮಾಡಿದರು. ಮಾಡಿದ್ದೇನು ದೊಡ್ಡ ಪವಾಡ ಅಲ್ಲ. ಒಳಗೆ ಹೋಗಿ ಬರಲು ದಾರಿಗಳನ್ನು ಹೆಚ್ಚಿಸಿದರು. ಒಂದು ದೊಡ್ಡ ಬಯಲನ್ನು ಗಿಡ, ಕಟ್ಟೆ ಇಟ್ಟು ಚಿಕ್ಕ ಚಿಕ್ಕ ಜಾಗಗಳಾಗಿ ಮಾಡಿದರು. ವಾಲಿಬಾಲ್, ಬ್ಯಾಡ್ಮಿಂಟನ್‌ಗೆ ಜಾಗ ಕೊಟ್ಟರು. ಹುಡುಗಿಯರು ಮತ್ತೆ ಬಂದರು, ಹುಡುಗರೂ ಹೊರಗೆ ಹೋಗಲಿಲ್ಲ. ಇದನ್ನು ನಾವು ಓದಿದಾಗ ನೆನಪಾದದ್ದು ನಮ್ಮ ಟ್ಯಾಂಕಿನ ಬಯಲೇ. ಅಲ್ಲಿ ಹನ್ನೆರಡು ದಾಟಿದ ಹೆಣ್ಣುಮಗು ಆಡುವುದನ್ನು ನೀವು ಎಷ್ಟು ಸಲ ನೋಡಿದ್ದೀರಿ? ಅವಳು ನೀರು ಹೊತ್ತುಕೊಂಡು ಅಂಚಿನಲ್ಲಿ ಹಾದು ಹೋಗುತ್ತಾಳೆ, ಅಷ್ಟೆ. ಹೊಸ ನಕ್ಷೆಯಲ್ಲಿ ಅವಳಿಗೆ ಎರಡು ಉಯ್ಯಾಲೆ ಇಟ್ಟಿದ್ದಾರೆ, ಅದೂ ಐದು ವರ್ಷದ ಮಕ್ಕಳ ಅಳತೆಗೆ. ಶೌಚಾಲಯವಿಲ್ಲದ ಉದ್ಯಾನದಲ್ಲಿ ವಯಸ್ಸಿಗೆ ಬಂದ ಹುಡುಗಿ ಅರ್ಧ ಗಂಟೆಗಿಂತ ಹೆಚ್ಚು ಇರುವುದಕ್ಕೆ ಆಗುತ್ತದಾ? ಈ ಮಾತನ್ನು ಎಂಜಿನಿಯರಿಗೆ ಹೇಳಬೇಕಾದವರು ನೀವೇ.

ಜನರನ್ನು ಕೇಳಿದ್ದೇವೆ ಎಂದು ಹೇಳುವುದರಲ್ಲಿಯೂ ಬೇರೆ ಬೇರೆ ರೀತಿಗಳಿವೆ. ಸಮಾಜಕಾರ್ಯ ಓದುವವರಿಗೆ ಒಂದು ಪಾಠ ಇರುತ್ತದೆ. ಅಮೆರಿಕದ ಶೆರಿ ಅರ್ನ್‌ಸ್ಟೈನ್ ಎನ್ನುವ ಹೆಂಗಸು 1969ರಲ್ಲಿ ಬರೆದದ್ದು. ಜನರ ಸಹಭಾಗಿತ್ವಕ್ಕೆ ಎಂಟು ಮೆಟ್ಟಿಲಿನ ಏಣಿ ಇದೆ ಎಂದರು. ಕೆಳಗಿನ ಮೆಟ್ಟಿಲಲ್ಲಿ ಜನರನ್ನು ಕರೆದು ಸಮಾಧಾನ ಮಾಡಿ ಕಳಿಸುತ್ತಾರೆ. ನಡುವಿನ ಮೆಟ್ಟಿಲಲ್ಲಿ ಮಾಹಿತಿ ಕೊಡುತ್ತಾರೆ, ಅಭಿಪ್ರಾಯ ಕೇಳುತ್ತಾರೆ, ತೀರ್ಮಾನ ಮಾತ್ರ ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತಾರೆ. ಮೇಲಿನ ಮೆಟ್ಟಿಲಲ್ಲಿ ತೀರ್ಮಾನದಲ್ಲಿ ಜನರೂ ಪಾಲುದಾರರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಊಟಕ್ಕೆ ಕರೆಯುವುದು ಬೇರೆ, ಏನು ಅಡಿಗೆ ಮಾಡೋಣ ಎಂದು ಕೇಳುವುದು ಬೇರೆ, ಸೌಟು ಕೈಗೆ ಕೊಡುವುದು ಬೇರೆ. ಖಾಲಿ ಹಾಳೆಯ ಮೇಲೆ ಸಹಿ ಹಾಕಿಸಿಕೊಂಡು, ಫೋಟೋ ತೆಗೆದು, ಬಿಸ್ಕತ್ತು ಚಹಾ ಕೊಟ್ಟು ಕಳಿಸಿದರೆ ಅದು ಏಣಿಯ ಮೆಟ್ಟಿಲೇ ಅಲ್ಲ, ಏಣಿಯ ಚಿತ್ರ. ಬ್ಯಾಂಕಿನಲ್ಲಿ ಓದದೆ ಸಹಿ ಹಾಕಬೇಡಿ ಎಂದು ಇಷ್ಟು ವರ್ಷ ಕಲಿತಿದ್ದೀರಿ. ಇಲ್ಲಿಯೂ ಅದೇ ನಿಯಮ.

ಕಾನೂನಿನಲ್ಲಿ ನಮಗೆ ಜಾಗ ಇದೆಯಾ? ಇದೆ. ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ 1976ರ ಪ್ರಕಾರ ನಮ್ಮಂಥ ಪಾಲಿಕೆಗಳಲ್ಲಿ ವಾರ್ಡಿಗೊಂದು ವಾರ್ಡ್ ಸಮಿತಿ ಇರಬೇಕು. ಪಾಲಿಕೆ ಸದಸ್ಯರು ಅಧ್ಯಕ್ಷರು, ಜೊತೆಗೆ ನಾಮಕರಣಗೊಂಡ 10 ಮಂದಿ. ಅವರಲ್ಲಿ ಕನಿಷ್ಠ 3 ಮಂದಿ ಮಹಿಳೆಯರು, 2 ಮಂದಿ ಪರಿಶಿಷ್ಟ ಜಾತಿ ಅಥವಾ ಪಂಗಡದವರು, 2 ಮಂದಿ ನಿವಾಸಿಗಳ ಸಂಘದವರು. ವಾರ್ಡಿನ ಅಭಿವೃದ್ಧಿ ಯೋಜನೆ ತಯಾರಿಸುವುದು ಈ ಸಮಿತಿಯ ಕೆಲಸ. ಬೆಂಗಳೂರಿಗೆ ಬೇರೆ ಕಾನೂನು, ಅದು ಇವತ್ತು ಬೇಡ. ಈಗ ಕೈ ಎತ್ತಿ ನೋಡೋಣ, ನಮ್ಮ ವಾರ್ಡ್ ಸಮಿತಿಯಲ್ಲಿರುವ ಆ ಮೂವರು ಮಹಿಳೆಯರು ಯಾರು ಎಂದು ಯಾರಿಗೆ ಗೊತ್ತು? ... ಸರಿ, ಯಾರಿಗೂ ಗೊತ್ತಿಲ್ಲ. ಪಟ್ಟಿ ಕೇಳಿ ತರುವುದು ಮೊದಲನೇ ಕೆಲಸ. ಸಮಿತಿಯೇ ಆಗಿಲ್ಲ ಎಂದರೆ ಯಾಕಾಗಿಲ್ಲ ಎಂದು ಬರೆದು ಕೇಳುವುದು ಎರಡನೆಯದು. ಚುನಾಯಿತ ಸದಸ್ಯರಿಲ್ಲದ ಸಮಯವಾದರೆ ಪಾಲಿಕೆಯ ಆಯುಕ್ತರಿಗೇ ನಮ್ಮ ಅರ್ಜಿ.

ನಕ್ಷೆ, ಅಂದಾಜು ಪಟ್ಟಿ, ಜಾಗದ ಸರ್ವೆ ಸ್ಕೆಚ್ಚು, ಈ ಮೂರರ ಪ್ರತಿ ನಮ್ಮ ಕೈಯಲ್ಲಿ ಇರಬೇಕು. ಬಾಯಿಮಾತಿನಲ್ಲಿ ಕೊಟ್ಟರೆ ಸಂತೋಷ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿನ ಪ್ರತಿ ಲಗತ್ತಿಸಿದರೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. 30 ದಿನದಲ್ಲಿ ಉತ್ತರ ಬರಬೇಕು. ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳದೆ ಬರಬೇಡಿ, ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕಿಸದೆ ಬ್ಯಾಂಕಿನಿಂದ ಬರುತ್ತೀರಾ?

ಇದೆಲ್ಲ ಓದಿದವರ ಕೆಲಸ, ನಮ್ಮ ಮಾತು ಯಾರು ಕೇಳುತ್ತಾರೆ ಎಂದು ಕೆಲವರ ಮುಖದಲ್ಲಿ ಕಾಣುತ್ತಿದೆ. ಬೆಂಗಳೂರಿನ ಸದಾಶಿವನಗರದ ಕಥೆ ಹೇಳುತ್ತೇವೆ. ಅಲ್ಲಿ ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವೊಂದಿತ್ತು. 1970ರ ದಶಕದಲ್ಲಿ ಆಗಿನ ಮುಖ್ಯಮಂತ್ರಿಗಳ ಸೂಚನೆಯ ಮೇಲೆ ಆ ಜಾಗವನ್ನು ಖಾಸಗಿ ಟ್ರಸ್ಟ್ ಒಂದಕ್ಕೆ ಆಸ್ಪತ್ರೆ ಕಟ್ಟಲು ಕೊಡುವ ತೀರ್ಮಾನವಾಯಿತು. ಸುತ್ತಲಿನ ನಿವಾಸಿಗಳು ಕೋರ್ಟಿಗೆ ಹೋದರು. ಮೊದಲ ಹಂತದಲ್ಲಿ ಸೋತರು, ಮೇಲಿನ ಪೀಠದಲ್ಲಿ ಗೆದ್ದರು, ಕೊನೆಗೆ ಸುಪ್ರೀಂ ಕೋರ್ಟು 1991ರಲ್ಲಿ ನಿವಾಸಿಗಳ ಪರವಾಗಿಯೇ ತೀರ್ಪು ಕೊಟ್ಟಿತು. ಉದ್ಯಾನಕ್ಕೆ ಬಿಟ್ಟ ಜಾಗವನ್ನು ಅಧಿಕಾರದಲ್ಲಿರುವವರು ತಮ್ಮ ಇಷ್ಟದಂತೆ ಬೇರೆ ಕೆಲಸಕ್ಕೆ ಕೊಡುವಂತಿಲ್ಲ, ಅಲ್ಲಿ ವಾಸಿಸುವ ಜನರಿಗೆ ಅದನ್ನು ಪ್ರಶ್ನಿಸುವ ಹಕ್ಕಿದೆ ಎಂದಿತು. ವಕೀಲರು ಇವತ್ತಿಗೂ ಆ ಮುದ್ದಪ್ಪ ಪ್ರಕರಣದ ಹೆಸರು ಹೇಳುತ್ತಾರೆ. ಆ ನಿವಾಸಿಗಳು ಅನುಕೂಲಸ್ಥರು ಎನ್ನುತ್ತೀರಿ, ನಿಜ. ಆದರೆ ತೀರ್ಪಿನಲ್ಲಿ ಸಿಕ್ಕ ಹಕ್ಕು ಅವರ ಬೀದಿಗೆ ಮಾತ್ರ ಅಲ್ಲ. ನಮ್ಮ ರಾಜ್ಯದಲ್ಲಿ ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆಂದೇ 1985ರ ಕಾಯ್ದೆಯೂ ಇದೆ. ಸ್ಥಳೀಯ ಸಂಸ್ಥೆ ಇಂಥ ಜಾಗಗಳ ಪಟ್ಟಿ ಮಾಡಬೇಕು. ನಮ್ಮ ಬಯಲು ಆ ಪಟ್ಟಿಯಲ್ಲಿ ಇದೆಯಾ ಎಂದು ನೋಡಬೇಕು. ಇವತ್ತು ಉದ್ಯಾನ ಎಂದು ಹೇಳಿ ನಾಳೆ ಮೂಲೆಯಲ್ಲಿ ಒಂದು ವಾಣಿಜ್ಯ ಮಳಿಗೆ ಎದ್ದರೆ ಆಗ ಈ ಪಟ್ಟಿಯೇ ನಮ್ಮ ಆಧಾರ.

ಈಗ ಹಿತ್ತಲು ಸಾಲಿನ ಸಹೋದರಿಯರ ಪ್ರಶ್ನೆ. ಇದನ್ನು ಮೃದು ಮಾಡಿ ಹೇಳಲು ನಾವು ಬಯಸುವುದಿಲ್ಲ. ಬೇರೆ ಕಡೆ ಸೌಂದರ್ಯೀಕರಣದ ಹೆಸರಿನಲ್ಲಿ ಬಡವರ ಮನೆಗಳನ್ನು ತೆಗೆದದ್ದುಂಟು. ನಿಮ್ಮ ಭಯ ಕಲ್ಪನೆಯಲ್ಲ. ಆದ್ದರಿಂದ ಉದ್ಯಾನದ ಬಗ್ಗೆ ಒಂದು ಮಾತಾಡುವ ಮೊದಲು ಗಡಿ ಗುರುತಾಗಬೇಕು. ಸರ್ವೆಯವರು ಬಂದು ಬಯಲಿನ ಅಂಚು ಎಲ್ಲಿ, ಮನೆಗಳ ಅಂಚು ಎಲ್ಲಿ ಎಂದು ನಿಮ್ಮ ಎದುರಿನಲ್ಲಿ ಅಳೆದು, ನಕ್ಷೆಯಲ್ಲಿ ಬರೆದು ಕೊಡಲಿ. ನಮ್ಮ ಕಾಲೊನಿ 1973ರ ಕೊಳಚೆ ಪ್ರದೇಶಗಳ ಕಾಯ್ದೆಯ ಕೆಳಗೆ ಘೋಷಣೆಯಾಗಿದೆಯೇ, ಆ ಅಧಿಸೂಚನೆಯಲ್ಲಿ ಹಿತ್ತಲು ಸಾಲು ಸೇರಿದೆಯೇ ಎಂದು ಕೊಳಗೇರಿ ಅಭಿವೃದ್ಧಿ ಮಂಡಳಿಯಲ್ಲಿ ನೋಡಬೇಕು. ಹಕ್ಕುಪತ್ರ, ತೆರಿಗೆ ರಸೀದಿ, ಕರೆಂಟ್ ಬಿಲ್ಲು, ರೇಷನ್ ಕಾರ್ಡು, ಏನಿದೆಯೋ ಅದರ ಜೆರಾಕ್ಸ್ ಒಂದು ಕವರಿನಲ್ಲಿ ಹಾಕಿ ಸಂಘದ ಟ್ರಂಕಿನಲ್ಲಿ ಇಡಿ. ಮೂಲ ಕಾಗದ ಮಾತ್ರ ಯಾರ ಕೈಗೂ ಕೊಡಬೇಡಿ, ನಮ್ಮ ಕೈಗೂ ಕೊಡಬೇಡಿ. ಮತ್ತು ಉಳಿದ ಸಾಲಿನವರಿಗೆ ಒಂದು ಮಾತು. ನಿಮ್ಮ ಮನೆಗೆ ಅಪಾಯವಿಲ್ಲ ಎಂದು ಉದ್ಯಾನಕ್ಕೆ ಬೇಗ ಒಪ್ಪಿಗೆ ಕೊಟ್ಟುಬಿಡಬೇಡಿ. ಸಾಲಕ್ಕೆ ಹತ್ತು ಮಂದಿ ಒಬ್ಬರಿಗೊಬ್ಬರು ಜಾಮೀನು ನಿಲ್ಲುತ್ತೀರಲ್ಲ, ಮನೆಗೂ ನಿಲ್ಲಬೇಕು.

ಹುಣಸೇಮರದ ಕೆಳಗಿನ ಆರು ಮಂದಿಯ ವಿಷಯ. 2014ರಲ್ಲಿ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಬಂದಿದೆ. ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವ ಮೊದಲು ಇರುವ ವ್ಯಾಪಾರಿಗಳನ್ನು ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಗುರುತಿನ ಚೀಟಿ ಇರುವವರು ತಂದು ತೋರಿಸಿ, ಇಲ್ಲದವರು ಹೆಸರು ಬರೆಸಿ. ಉದ್ಯಾನದ ಗೇಟಿನ ಪಕ್ಕ ಆರು ಜಾಗ ನಕ್ಷೆಯಲ್ಲೇ ಬರೆಯಿಸಿಕೊಂಡರೆ ವ್ಯಾಪಾರ ಈಗಿಗಿಂತ ಹೆಚ್ಚಾಗಬಹುದು. ವಾಕಿಂಗ್ ಮುಗಿಸಿದವರು ಬೋಂಡ ತಿನ್ನುವುದಿಲ್ಲ ಎಂದು ಯಾರು ಹೇಳಿದರು! ಇನ್ನು ಮರ ಕಡಿಯಬೇಕಾದರೆ 1976ರ ಮರ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಅಷ್ಟು ವಯಸ್ಸಿನ ಹುಣಸೇಮರವನ್ನು ಉದ್ಯಾನಕ್ಕಾಗಿ ಕಡಿಯುತ್ತೇವೆ ಎನ್ನುವುದು ನಮಗಂತೂ ಅರ್ಥವಾಗುವುದಿಲ್ಲ.

ಎಲ್ಲರೂ ಒಂದೇ ಬಯಸುವುದಿಲ್ಲ ಎನ್ನುವುದೂ ಗೊತ್ತಿರಲಿ. ಮುಖ್ಯ ರಸ್ತೆಯ ಆಚೆಯ ಬಡಾವಣೆಯವರಿಗೆ ನಡೆಯಲು ದಾರಿ ಬೇಕು. ಅಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದಾರೆ, ರಸ್ತೆಯಲ್ಲಿ ವಾಹನಗಳ ಮಧ್ಯೆ ನಡೆದು ಬೀಳುತ್ತಾರೆ. ಅವರ ಬೇಡಿಕೆ ಸುಳ್ಳಲ್ಲ. ನಿಮ್ಮಲ್ಲಿ ಅರ್ಧ ಜನ ಅದೇ ಮನೆಗಳಲ್ಲಿ ಕೆಲಸ ಮಾಡುತ್ತೀರಿ, ಅದರಿಂದ ಎದುರು ಕೂತು ಮಾತಾಡಲು ಸಂಕೋಚ. ಒಬ್ಬೊಬ್ಬರೇ ಹೋಗಬೇಡಿ, ಸಂಘವಾಗಿ ಹೋಗಿ, ನಾವೂ ಬರುತ್ತೇವೆ. ಬೆಂಗಳೂರಿನ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು 2009ರ ಸುಮಾರಿಗೆ ಸರಿಮಾಡಲು ತೊಡಗಿದಾಗ ಸುತ್ತಲಿನ ನಿವಾಸಿಗಳು ಪಾಲಿಕೆಯೊಂದಿಗೆ ಕೂತು ಯೋಜನೆಯಲ್ಲಿ ಪಾಲ್ಗೊಂಡರು. ಅಲ್ಲಿ ಅಪಾರ್ಟ್‌ಮೆಂಟಿನವರೂ ಇದ್ದರು, ಹಳ್ಳಿಯ ಹಳಬರೂ ಇದ್ದರು. ನಡೆಯುವವರಿಗೆ ದಾರಿಯಾಯಿತು, ಹಸು ಸಾಕುವವರಿಗೆ ಹುಲ್ಲು ಕೊಯ್ದುಕೊಳ್ಳಲೂ ಅವಕಾಶ ಉಳಿಯಿತು. ಎರಡೂ ಆಗುತ್ತದೆ, ಇಬ್ಬರೂ ಒಂದೇ ಮೇಜಿನಲ್ಲಿ ಕೂತರೆ. ನಾವು ಕೂಡ ಒಂದೆರಡು ಬಿಟ್ಟುಕೊಡಬೇಕಾಗುತ್ತದೆ. ಆಡು ಉದ್ಯಾನದ ಒಳಗೆ ಬರುವುದಿಲ್ಲ ಎಂದು ನಾವೇ ಒಪ್ಪಿಕೊಂಡರೆ, ಸಂಡಿಗೆ ಒಣಗಿಸಲು ಒಂದು ಕಲ್ಲು ಚಪ್ಪಡಿಯ ಮೂಲೆ ಕೇಳುವುದು ಸುಲಭ. ಕಾರಂಜಿಯನ್ನು ಬಿಡಿ ಎಂದು ಗಟ್ಟಿಯಾಗಿ ಹೇಳಬಹುದು. ನಮ್ಮ ನಲ್ಲಿಗೆ ವಾರದಲ್ಲಿ ಎಷ್ಟು ದಿನ ನೀರು ಬರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಆ ಹಣದಲ್ಲಿ ಹೆಂಗಸರ ಶೌಚಾಲಯ, ನಾಲ್ಕು ದೀಪ ಬರುತ್ತದೆ. ಅಗಲವಾದ ಹುಲ್ಲುಹಾಸಿನ ಬದಲು ಹೊಂಗೆ, ಬೇವು, ನೇರಳೆ. ಬೇರು ಬಿಟ್ಟ ಮೇಲೆ ಅವು ಹುಲ್ಲಿನಷ್ಟು ನೀರು ಕೇಳುವುದಿಲ್ಲ, ನೆರಳೂ ಕೊಡುತ್ತವೆ.

ಒಂದು ಎಚ್ಚರಿಕೆ. ಉದ್ಯಾನ ಆದ ಮೇಲೆ "ನಿಮ್ಮ ಸಂಘದವರೇ ನೋಡಿಕೊಳ್ಳಿ" ಎನ್ನುವ ಮಾತು ಬರಬಹುದು. ಒಡಿಶಾದ ನಗರಗಳಲ್ಲಿ ಮಹಿಳಾ ಸಂಘಗಳಿಗೆ ಉದ್ಯಾನಗಳ ನಿರ್ವಹಣೆ ವಹಿಸಿದ್ದಾರೆ. ಕೇಂದ್ರದ ಅಮೃತ್ 2.0 ಯೋಜನೆಯಲ್ಲಿಯೂ ಸ್ವ-ಸಹಾಯ ಸಂಘದ ಮಹಿಳೆಯರಿಗೆ ಅಮೃತ್ ಮಿತ್ರ ಎಂಬ ಹೆಸರಿನಲ್ಲಿ ನಗರಸಂಸ್ಥೆಗಳ ಕೆಲಸ ಕೊಡುವ ದಾರಿ ಮಾಡಿದ್ದಾರೆ. ಒಳ್ಳೆಯ ಅವಕಾಶ, ಗೇಟಿನ ಬೀಗದ ಕೈ ನಮ್ಮಲ್ಲಿಯೇ ಇರುತ್ತದೆ. ಆದರೆ ಸೇವೆ, ಶ್ರಮದಾನ ಎಂದು ಹೇಳಿ ಪ್ರತಿದಿನ ಕಸ ಗುಡಿಸಿಸಿಕೊಂಡರೆ ಒಪ್ಪಬೇಡಿ. ಗಿಡ ನೆಡುವ ಒಂದು ದಿನ ಶ್ರಮದಾನ ಮಾಡೋಣ. 365 ದಿನ ಮಾಡುವುದಕ್ಕೆ ಕನಿಷ್ಠ ವೇತನ, ಬರವಣಿಗೆಯ ಒಪ್ಪಂದ, ನೀರಿನ ಪೈಪು, ಸಲಕರಣೆ ಬೇಕು. ಹೆಂಗಸರ ಕೆಲಸ ಎಂದ ಕೂಡಲೇ ಬಿಟ್ಟಿ ಎಂದುಕೊಳ್ಳುವ ಅಭ್ಯಾಸ ಮನೆಯಲ್ಲೂ ಇದೆ, ಕಚೇರಿಯಲ್ಲೂ ಇದೆ, ನಮ್ಮಂಥ ಸಂಸ್ಥೆಗಳಲ್ಲೂ ಇದೆ.

ಬರುವ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಎಲ್ಲ ಸಂಘಗಳೂ ಬಯಲಿಗೆ ಬನ್ನಿ. ಮನೆಪಟ್ಟಿ ಮಾಡುವಾಗ ನಾವು ನೆಲದ ಮೇಲೆ ಸಾಮಾಜಿಕ ನಕ್ಷೆ ಬಿಡಿಸಿದ್ದೆವಲ್ಲ, ಹಾಗೇ ಮಾಡೋಣ. ರಂಗೋಲಿ ಪುಡಿಯಲ್ಲಿ ಬಯಲನ್ನು ಬರೆಯುವುದು. ಈಗ ಯಾರು ಎಲ್ಲಿ ಏನು ಮಾಡುತ್ತಾರೆ ಎನ್ನುವುದಕ್ಕೆ ಹುಣಸೇಬೀಜ ಇಡುವುದು. ಆಮೇಲೆ ಬೇಕಾದದ್ದಕ್ಕೆ ಬಣ್ಣದ ಪುಡಿ: ಎರಡನೇ ಗೇಟು ಎಲ್ಲಿ, ದೀಪ ಎಲ್ಲಿ, ಶೌಚಾಲಯ ಎಲ್ಲಿ. ಶೌಚಾಲಯವನ್ನು ಕತ್ತಲ ಮೂಲೆಗೆ ತಳ್ಳಬೇಡಿ, ಜನ ಓಡಾಡುವ ಕಡೆಗೇ ಇರಲಿ. ಪಕ್ಕದಲ್ಲಿ ದೊಡ್ಡ ವೃತ್ತ ಬರೆದು ಗಡಿಯಾರ ಮಾಡಿ, ಪ್ರತಿಯೊಬ್ಬರೂ ತಾವು ಬರಬಹುದಾದ ಹೊತ್ತಿಗೆ ಒಂದು ಕಲ್ಲು ಇಡಿ. ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಸರದಿ, ಒಟ್ಟಿಗೆ ಬಿಟ್ಟರೆ ಹುಡುಗಿಯರು ಬಾಯಿ ಬಿಡುವುದಿಲ್ಲ. ಇದೆಲ್ಲವನ್ನೂ ಶಾಲೆಯ ಮಕ್ಕಳ ಕೈಯಲ್ಲಿ ಹಾಳೆಗೆ ಇಳಿಸಿ, ಫೋಟೋ ತೆಗೆದು, ಸೋಮವಾರ ಒಕ್ಕೂಟದ ನಿರ್ಣಯ ಪುಸ್ತಕದಲ್ಲಿ ಠರಾವು ಬರೆದು, ನಕ್ಷೆಯ ಜೊತೆ ಆಯುಕ್ತರಿಗೆ ಕೊಡುವುದು. ಕೊಡುವ ದಿನ ಐದು ಜನ ಹೋಗುವುದಲ್ಲ, ಕನಿಷ್ಠ ಐವತ್ತು ಜನ. ಎಂಜಿನಿಯರನ್ನೂ ಭಾನುವಾರ ಬರಲು ಕರೆದಿದ್ದೇವೆ. ನೋಡೋಣ ಎಂದಿದ್ದಾರೆ. ಮೂರು ಗಂಟೆಗೆ ಬಂದರೆ ಅವರಿಗೂ ಬಯಲಿನಲ್ಲಿ ಜನ ಕಾಣುತ್ತಾರೆ.

ರಂಗೋಲಿ ಪುಡಿ ಒಕ್ಕೂಟದಿಂದ, ಬಣ್ಣ ಸಂಘಕ್ಕೆ ಒಂದು ಪೊಟ್ಟಣ. ಹುಣಸೇಬೀಜಕ್ಕೆ ಕೊರತೆಯಿಲ್ಲ. ಹನ್ನೆರಡು ದಾಟಿದ ಹೆಣ್ಣುಮಕ್ಕಳನ್ನು ಪಾತ್ರೆ ತೊಳೆಯಲು ಮನೆಯಲ್ಲಿ ಬಿಟ್ಟು ಬರಬೇಡಿ, ಜೊತೆಗೆ ಕರೆದುಕೊಂಡು ಬನ್ನಿ. ಈಗ ನಿಮ್ಮ ಪ್ರಶ್ನೆಗಳು. ಹಿತ್ತಲು ಸಾಲಿನವರು ಮೊದಲು ಕೇಳಲಿ.